ಡುಡೆಕ್ ಹೊಡೆಯುವುದು

ಬಾಯೊಳಗೆ ಕನ್ನಡಿ, ಕೊಕ್ಕೆ, ಎಂಜಲು ಹೀರುವ ಕೊಳವೆ ಮೂರೂ ಇರುವಾಗ ಯಾರನ್ನೂ ಬೈಯಲಾಗುವುದಿಲ್ಲ. ಬೈಯಲೇಬೇಕಾದ ಮಾತು ಕಿವಿಗೆ ಬೀಳುವುದೂ ಅಂಥ ಹೊತ್ತಿನಲ್ಲೇ.

ಆರ್ಲೀನ್ ಹೌಸರ್ ದಂತವೈದ್ಯರ ಕುರ್ಚಿಯಲ್ಲಿ ಅಂಗಾತ ಮಲಗಿದ್ದಳು. ಹಲ್ಲು ಶುಚಿ ಮಾಡುವ ಹೆಂಗಸು ಕೆಟ್ಟವಳೇನಲ್ಲ. ನಗುಮುಖ, ಹಗುರ ಕೈ. ಆರ್ಲೀನಳ ಕೀಲಿಗೊಂಚಲಿನಲ್ಲಿದ್ದ ಬೆರಳುದ್ದದ ಹಿತ್ತಾಳೆ ಬ್ಯೂಗಲ್ ನೋಡಿದ್ದೇ ಅವಳ ಮುಖ ಇಷ್ಟಗಲ ಅರಳಿತ್ತು.

"ಅಯ್ಯೋ, ನೀವೂ ಡ್ರಮ್ ಕೋರ್‌ನವರಾ? ನಾನು ತಾಳ ಹಿಡಿದವಳು ಕಣ್ರೀ! ನೀವು ಯಾವ ಕೋರು?" ಡ್ರಮ್ಮು, ಬ್ಯೂಗಲ್, ಬಾವುಟ ಹಿಡಿದು ಮೈದಾನದಲ್ಲಿ ಕವಾಯತು ಮಾಡುತ್ತ ಪಂದ್ಯಕ್ಕಿಳಿಯುವ ಹರೆಯದವರ ತಂಡಕ್ಕೆ ಅಲ್ಲಿ ಕೋರು ಎನ್ನುತ್ತಾರೆ.

"ಪೈಲಟ್ಸ್. ಬಾವುಟ ಹಿಡೀತಿದ್ದೆ."

"ಪೋರ್ಟ್ ಆಲ್ಡರ್ ಹಾರ್ಬರ್ ಪೈಲಟ್ಸಾ? ನಮ್ಮ ಮೇಷ್ಟ್ರು ನಿಮ್ಮ ಹೆಸರು ಎತ್ತದೆ ಊಟ ಮಾಡ್ತಿರಲಿಲ್ಲ!"

ಆಮೇಲೆ ಆರ್ಲೀನಳ ಬಾಯಿ ತುಂಬಿತು, ಆ ಹೆಂಗಸಿನ ಬಾಯಿ ಬಿಚ್ಚಿತು. ಬೇಸಿಗೆಯಿಡೀ ಬಸ್ಸಿನಲ್ಲಿ ಊರೂರು ಸುತ್ತಿದ್ದು, ಶಾಲೆಗಳ ಆಟದ ಹಾಲಿನ ನೆಲದಲ್ಲಿ ಮಲಗಿದ್ದು, ಬಿಸಿಲಿಗೆ ಕತ್ತಿನ ಚರ್ಮ ಸುಲಿದದ್ದು, ಪಂದ್ಯದ ಮೈದಾನಕ್ಕೆ ಇಳಿಯುವ ಮುಂಚೆ ವಾಂತಿ ಬಂದದ್ದು. ಆರ್ಲೀನ್ "ಆಂ, ಆಂ" ಎನ್ನುತ್ತ ಸುಖವಾಗಿಯೇ ಕೇಳುತ್ತಿದ್ದಳು. ಅಷ್ಟರಲ್ಲಿ ಆ ಹೆಂಗಸಿನ ಕೈಯಿಂದ ಕೊಕ್ಕೆ ಜಾರಿ ನೆಲಕ್ಕೆ ಬಿತ್ತು.

"ಥತ್! ಡುಡೆಕ್ ಹೊಡೆದೆ ನೋಡಿ," ಎಂದು ನಕ್ಕಳು.

ಆರ್ಲೀನ್ ಕೊಳವೆಯನ್ನು ಕಿತ್ತೆಸೆದು ಎದ್ದು ಕೂತಳು. ಗದ್ದದ ಮೇಲೆ ನೀರು ಸುರಿಯುತ್ತಿತ್ತು.

"ಡುಡೆಕ್ ಅಂದ್ರೆ ಏನು ಅಂತ ಗೊತ್ತೇನಮ್ಮ ನಿನಗೆ?"

"ಅದೊಂದು ಮಾತು ಅಷ್ಟೇ... ಇರಬೇಕಾದ ಜಾಗದಲ್ಲಿ ಇರದೆ ಎಡವಟ್ಟು ಮಾಡೋದಕ್ಕೆ ಡುಡೆಕ್ ಹೊಡೆಯೋದು ಅಂತಾರೆ. ನಮ್ಮ ಕೋರಲ್ಲಿ ಎಲ್ಲರೂ ಅಂತಿದ್ರು."

"ಡುಡೆಕ್ ಅಂದ್ರೆ ನಮ್ಮಣ್ಣ. ನೋರ್ಬರ್ಟ್ ಡುಡೆಕ್. ಹುಲ್ಲು ಕತ್ತರಿಸೋ ಮಿಷಿನ್ನು ರಿಪೇರಿ ಮಾಡ್ತಾನೆ. ನಮ್ಮನೆ ಕೆಳಗಡೆ ಇದ್ದಾನೆ, ಇನ್ನೂ ಬದುಕಿದ್ದಾನೆ."

ಪಾಪದ ಹೆಂಗಸು ಕೆಂಪಗಾದಳು. ಹೋಗುವಾಗ ಒಂದು ಬ್ರಷ್ಷಿನ ಬದಲು ಎರಡು ಕೊಟ್ಟಳು. ಆರ್ಲೀನ್ ಎರಡನ್ನೂ ತೆಗೆದುಕೊಂಡಳು. ಆದರೆ ಮೈಯ ಉರಿ ಬ್ರಷ್ಷಿನಿಂದ ಹೋಗುವಂಥದ್ದಲ್ಲ.

ಅವಳದು ಶಾಲಾ ಬಸ್ಸು ಓಡಿಸುವ ಕೆಲಸ. ವಯಸ್ಸು ಅರವತ್ತು ದಾಟಿ ಎಷ್ಟೋ ಆಯಿತು, ಆದರೂ ಸ್ಟೀರಿಂಗ್ ಬಿಟ್ಟಿಲ್ಲ. ಮಕ್ಕಳು ಬೆನ್ನ ಹಿಂದೆ ಸಾರ್ಜೆಂಟ್ ಎನ್ನುತ್ತವೆ, ಅವಳಿಗೂ ಅದು ಗೊತ್ತು, ಒಳಗೊಳಗೇ ಖುಷಿ. ಗಂಡ ಸತ್ತ ಮೇಲೆ ಅಣ್ಣನನ್ನು ಕರೆದು ಕೆಳಗಿನ ಮನೆಯಲ್ಲಿ ಇರಿಸಿಕೊಂಡಳು. ಅವನು ಮದುವೆಯಾಗಲಿಲ್ಲ. ಮಾತು ಕಮ್ಮಿ, ಕೈಗೆ ಸದಾ ಗ್ರೀಸು. ಶುಕ್ರವಾರದ ಮೀನೂಟಕ್ಕೆ ಊರೆಲ್ಲ ಸೇಂಟ್ ಹೆಡ್ವಿಗ್ ಚರ್ಚಿನ ಹಾಲಿಗೆ ಹೋದರೆ ಅವನು ಹೋಗುವುದಿಲ್ಲ. ಅವಳೇ ಡಬ್ಬಿಯಲ್ಲಿ ಕಟ್ಟಿಸಿಕೊಂಡು ಬರಬೇಕು. ಆ ಹಾಲಿನಲ್ಲಿ ಕೂತಿರುವವರಲ್ಲಿ ಮುಕ್ಕಾಲು ಪಾಲು ಹಳೆಯ ಪೈಲಟ್ಸ್‌ನವರು. ಗೋಡೆಯ ಮೇಲೆ ಚಿನ್ನದ ಅಂಚಿನ ಪತಾಕೆ: ರಾಜ್ಯಕ್ಕೆ ಎರಡನೆಯ ಸ್ಥಾನ, ಸಾವಿರದ ಒಂಬೈನೂರ ಎಪ್ಪತ್ತೈದು.

ಆ ಕಡೆಯ ಊರುಗಳಲ್ಲಿ ಕೋರಿನವರು ಎಲ್ಲೆಂದರಲ್ಲಿ ಸಿಗುತ್ತಾರೆ. ಪೆಟ್ರೋಲ್ ಬಂಕಿನಲ್ಲಿ, ಶವಪೆಟ್ಟಿಗೆಯ ಮುಂದಿನ ಸಾಲಿನಲ್ಲಿ, ಕಣ್ಣಿನ ಡಾಕ್ಟರ ಹೊರಗಿನ ಬೆಂಚಿನಲ್ಲಿ. ಯಾರೋ ಅಪರಿಚಿತ ತೊಡೆಯ ಮೇಲೆ ಬೆರಳಲ್ಲಿ ಡ್ರಮ್ಮಿನ ಪೆಟ್ಟು ಹಾಕುತ್ತಿರುತ್ತಾನೆ, ಇಲ್ಲವೇ ಸಾಲು ಮುಂದಕ್ಕೆ ಜರುಗಿದಾಗ ತಪ್ಪದೆ ಎಡಗಾಲೇ ಮುಂದಿಡುತ್ತಾನೆ. ಅಷ್ಟು ಸಾಕು. ಯಾವ ಕೋರು, ಯಾವ ವರ್ಷ, ಯಾರು ಮೇಷ್ಟ್ರು. ಹಾಲು ತರಲು ಹೋದವರು ಹಾಲು ಬಿಸಿಯಾಗುವ ತನಕ ನಿಂತು ಮಾತಾಡುತ್ತಾರೆ. ಒಂದು ಕಾಲಕ್ಕೆ ಆರ್ಲೀನಳಿಗೆ ಅದಕ್ಕಿಂತ ಸುಖ ಬೇರೆ ಇರಲಿಲ್ಲ. ಈಗ ಅವಳು ಅಂಥವರ ಜೊತೆ ಮಾತಿಗೆ ನಿಂತರೂ ಹಲ್ಲು ಕಚ್ಚಿಕೊಂಡೇ ನಿಲ್ಲುತ್ತಾಳೆ. ಎಲ್ಲಿ ಆ ಮಾತು ಬರುತ್ತದೋ ಎಂದು. ಬಂದೇ ಬರುತ್ತದೆ. ಒಬ್ಬ ಮನುಷ್ಯನ ಹೆಸರನ್ನು ಐವತ್ತು ವರ್ಷ ಹೀಗೆ ಕಾಲೊರೆಸುವ ಚಾಪೆ ಮಾಡಿಕೊಂಡವರಿಗೆ ಯಾವ ನರಕ ಸಾಲುತ್ತದೋ ಗೊತ್ತಿಲ್ಲ.

ಆಗಿದ್ದು ಇಷ್ಟು. ಆಗ ಲೆಕ್ಕ ಟಿಕ್ಕುಗಳದು. ತೀರ್ಪುಗಾರರು ಮೈದಾನದೊಳಗೇ, ಆಡುವವರ ನಡುವೆಯೇ ಓಡಾಡುತ್ತಿದ್ದರು. ಒಂದು ಕಾಲು ತಪ್ಪಿದರೆ, ಒಂದು ಬ್ಯೂಗಲ್ ತಗ್ಗಿದರೆ ಒಂದು ಟಿಕ್ಕು, ಹತ್ತನೇ ಒಂದು ಅಂಕ ಖೋತಾ. ರಾಜ್ಯದ ಫೈನಲ್ಲಿನ ದಿನ ಆಗಸ್ಟಿನ ಬಿಸಿಲು ಕಾದ ಹೆಂಚಿನ ಹಾಗಿತ್ತು. ಮೈಮೇಲೆ ಉಣ್ಣೆಯ ಕೋಟು, ತಲೆಮೇಲೆ ಗರಿಯ ಟೋಪಿ. ಬ್ಯೂಗಲಿನವರ ಉದ್ದ ಸಾಲು ಮೈದಾನದ ಮೂಲೆಯಿಂದ ಮೂಲೆಗೆ ತಿರುಗುವಾಗ ಬ್ಯಾರಿಟೋನ್ ಎಂಬ ನಡುಗಾತ್ರದ ಬ್ಯೂಗಲ್ ಹಿಡಿದ ನೋರ್ಬ್ ತನ್ನ ಜಾಗ ಬಿಟ್ಟು ಮುಂದಿನ ಸಾಲಿಗೆ ನುಗ್ಗಿದ. ತಿರುವು ಮುಗಿಯುವ ತನಕ ಅಲ್ಲೇ ಇದ್ದು ವಾಪಸು ಬಂದ. ಜನರ ಕಣ್ಣಿಗೆ ಕಂಡದ್ದು ದಾರಿ ತಪ್ಪಿದ ಒಬ್ಬ ದಡ್ಡ. ತೀರ್ಪುಗಾರ ಟಿಕ್ಕು ಹಾಕಿದ. ಪೈಲಟ್ಸ್ ಸೋತದ್ದು ಒಂದೇ ಒಂದು ಟಿಕ್ಕಿನಿಂದ.

ಜೊತೆಯವರು ಯಾರೂ ಏನೂ ನೋಡಿರಲಿಲ್ಲ. ನೋಡುವ ಹಾಗಿಲ್ಲ. ಕತ್ತು ತಿರುಗಿಸಿದರೆ ಅದಕ್ಕೂ ಟಿಕ್ಕು. ಪಕ್ಕದವನು ಉರಿದು ಬೂದಿಯಾದರೂ ಕಣ್ಣು ಮುಂದಕ್ಕೇ ಇರಬೇಕು, ಅದೇ ಅವರ ಹೆಮ್ಮೆ. ವಾಪಸು ಬರುವ ಬಸ್ಸಿನಲ್ಲಿ ಮೊದಲು ಅಳು, ಆಮೇಲೆ ಏನಾಯಿತು, ಯಾಕಾಯಿತು ಎಂಬ ಗುಸುಗುಸು. ಆಮೇಲೆ ಹಿಂದಿನ ಸೀಟಿನಿಂದ ಯಾರೋ "ಡುಡೆಕ್ ಹೊಡೆದ್ಬಿಟ್ಟ" ಎಂದದ್ದು, ಬಸ್ಸೆಲ್ಲ ಹೋ ಎಂದು ನಕ್ಕದ್ದು. ಹದಿನೇಳರ ಆರ್ಲೀನ್ ಮುಂದಿನ ಸೀಟಿನಲ್ಲಿದ್ದಳು. ಮೇಷ್ಟ್ರು ಸಾಯುವ ತನಕ ನೋರ್ಬನ ಹತ್ತಿರ ಮತ್ತೆ ಮಾತಾಡಲಿಲ್ಲ. ನೋರ್ಬ್ ಬ್ಯೂಗಲ್ ಮುಟ್ಟಲಿಲ್ಲ.

ದಂತವೈದ್ಯರ ಗಲಾಟೆಯ ವಾರವೇ, ಶನಿವಾರ, ಆರ್ಲೀನ್ ಮೊಳೆ ತರಲು ಹಾರ್ಡ್‌ವೇರ್ ಅಂಗಡಿಗೆ ಹೋದಳು. ಹೊರಗೆ ಸ್ಕೌಟಿನವರು ಕೆಂಡದ ಮೇಲೆ ಬ್ರಾಟ್ ಎಂಬ ಹಂದಿಮಾಂಸದ ಸಾಸೇಜು ಸುಡುತ್ತಿದ್ದರು. ಆ ವಾಸನೆಗೆ ಮೊಳೆ ಮರೆತು ಸಾಲಿಗೆ ನಿಂತಳು. ಮುಂದೆ ಒಬ್ಬ ದಢೂತಿ ಮುದುಕ, ಕೈಯಲ್ಲಿ ಕೋಲು. ಒಂದು ಹೆಗಲು ಇನ್ನೊಂದಕ್ಕಿಂತ ತಗ್ಗು. ಸಾಲು ಜರುಗಿತು. ಅವನು ಎಡಗಾಲು ಮುಂದಿಟ್ಟ.

"ಕಾಂಟ್ರಾ ಹೊತ್ತ ಹೆಗಲಾ ಅದು?" ಆರ್ಲೀನ್ ತಡೆಯಲಾರದೆ ಕೇಳಿದಳು. ಕಾಂಟ್ರಾ ಎಂದರೆ ಬ್ಯೂಗಲ್‌ಗಳಲ್ಲೆಲ್ಲ ದೊಡ್ಡದು, ಹೆಗಲ ಮೇಲೆ ಎಮ್ಮೆಗರು ಕೂತ ಹಾಗೆ.

ಮುದುಕ ತಿರುಗಿ ಗಹಗಹಿಸಿದ. "ಯಪ್ಪಾ! ಡಾಕ್ಟ್ರೂ ಹಿಡೀಲಿಲ್ಲ, ನೀವು ಹಿಡಿದ್ರಲ್ಲ! ನಾನು ಜೆರ್ರಿ ಲೆನ್ಜ್. ಆರಿಜೋನಾದಿಂದ ಬಂದಿದೀನಿ, ನಾಳೆ ಎಪ್ಪತ್ತೈದರ ಪೈಲಟ್ಸ್‌ದು ಐವತ್ತನೇ ವರ್ಷದ ಕೂಟ ಇದೆಯಲ್ಲ, ಅದಕ್ಕೆ."

"ಜೆರ್ರಿ ಲೆನ್ಜಾ? ಟಾಮಿ ಲೆನ್ಜ್ ಅಂತ ಒಬ್ಬ ಇದ್ದ. ಆ ಒಂದೇ ಬೇಸಿಗೆ ಬಂದಿದ್ದ."

"ಅದು ನಾನೇ ರೀ!" ಎಂದು ಅವನು ತಗ್ಗಿದ ದನಿಯಲ್ಲಿ, ಕದ್ದ ಮಾವಿನಕಾಯಿ ತೋರಿಸುವವನಂತೆ ಹೇಳಿದ. "ಟಾಮಿ ನನ್ನ ತಮ್ಮ. ಅವನ ಹುಟ್ಟಿದ ಚೀಟಿ ತೋರಿಸಿ ಸೇರಿದ್ದೆ. ನನಗೆ ವಯಸ್ಸು ಮೀರಿತ್ತು. ಆಗೆಲ್ಲ ಮಾಡ್ತಿದ್ರು, ಬಿಡಿ. ನೀವು ಬಾವುಟದವರಾ? ಹೆಸರು?"

"ಆರ್ಲೀನ್ ಹೌಸರ್."

ಗಂಡನ ಮನೆಯ ಹೆಸರು ಅವನಿಗೇನೂ ಹೇಳಲಿಲ್ಲ. ಬ್ರಾಟಿಗೆ ಸಾಸಿವೆ ಹಾಕಿಸಿಕೊಂಡು ಇಬ್ಬರೂ ಅಂಗಡಿಯ ಮುಂದಿನ ಬೆಂಚಿನಲ್ಲಿ ಕೂತರು. ಅವನಿಗೆ ಹೇಳಿಕೊಳ್ಳುವ ಚಪಲ. ಮೂರು ಸಲ ಹೆಂಡತಿಗೆ ಹೇಳಿದ್ದನಂತೆ, ಅವಳಿಗೆ ಕೋರು ಗೊತ್ತಿಲ್ಲ, ರುಚಿ ಹತ್ತಲಿಲ್ಲವಂತೆ. ಕೋರಿನವರಿಗೆ ಹೇಳಿದರೆ ತಾನೇ ಮಜಾ.

"ಫೈನಲ್ ದಿನ ನಾನು ತಿರುವಿನಲ್ಲಿ ನಡೀತಿದ್ದಂಗೇ ಕಣ್ಣಿಗೆ ಕತ್ತಲೆ ಬಂತು ರೀ. ಮಂಡಿ ಕುಸೀತು. ಬೀಳಬೇಕು, ಅಷ್ಟರಲ್ಲಿ ಹಿಂದಿನ ಸಾಲಿಂದ ಒಬ್ಬ ಹುಡುಗ ನುಗ್ಗಿ ಬಂದು ನನ್ನ ಬೆಲ್ಟು ಹಿಡಿದ. ಕಂಕುಳಿಗೆ ಹೆಗಲು ಕೊಟ್ಟು ಆ ತಿರುವು ಪೂರ್ತಿ ನನ್ನ, ಕಾಂಟ್ರಾನ, ಎರಡನ್ನೂ ಎಳ್ಕೊಂಡು ಹೋದ. ಹೆಜ್ಜೆ ತಪ್ಪದೆ! ಬಿದ್ದಿದ್ರೆ ಕಥೆ ಮುಗೀತಿತ್ತು. ಪ್ರಥಮ ಚಿಕಿತ್ಸೆಯವರು ಬಂದು ಹೆಸರೇನು, ವಯಸ್ಸೇನು, ಚೀಟಿ ತೋರಿಸು ಅನ್ನೋರು. ವಯಸ್ಸು ಮೀರಿದವನು ಅಂತ ಗೊತ್ತಾದ್ರೆ ಇಡೀ ಕೋರಿನ ಅಂಕ ಸೊನ್ನೆ. ನಾನು ಯಾರು ಅಂತ ಅವನಿಗೊಬ್ಬನಿಗೇ ಹೇಳಿದ್ದೆ, ಪಕ್ಕಪಕ್ಕ ಮಲಗ್ತಿದ್ವಲ್ಲ."

ಆರ್ಲೀನಳ ಕೈಯ ಬ್ರಾಟ್ ತಣ್ಣಗಾಗಿತ್ತು. "ಯಾವ ಹುಡುಗ?"

"ಅದೇ ಮಜಾ! ಡುಡೆಕ್! ಜನ ಅವನು ದಾರಿ ತಪ್ಪಿದ ಅಂದ್ಕೊಂಡ್ರು. ಬಸ್ಸಲ್ಲಿ ಎಲ್ಲರೂ ಏನಾಯ್ತು, ಯಾಕಾಯ್ತು ಅಂತ ಕೆದಕೋಕೆ ಶುರು ಮಾಡಿದ್ರು. ನನಗೆ ಪುಕಪುಕ. ಮಾತು ಹಾರಿಸೋಣ ಅಂತ ನಾನೇ ಹಿಂದಿನ ಸೀಟಿಂದ ಕೂಗಿದೆ, 'ಡುಡೆಕ್ ಹೊಡೆದ್ಬಿಟ್ಟ' ಅಂತ. ಎಲ್ಲರೂ ನಕ್ರು, ಕೆದಕೋದು ನಿಂತ್ಹೋಯ್ತು. ಆ ಮಾತು ಈಗ ಆರಿಜೋನಾದ ಹುಡುಗರ ಬಾಯಲ್ಲೂ ಇದೆ ಗೊತ್ತಾ? ನನ್ನ ಮಾತು!"

ಮೊಸರನ್ನ ತಿಂದ ಕೋತಿ ಮೇಕೆಯ ಮೂತಿಗೆ ಒರೆಸಿತಂತೆ. ಆ ಕೋತಿಯಾದರೂ ಆಮೇಲೆ ಬೆಂಚಿನ ಮೇಲೆ ಕೂತು ಕಥೆ ಹೇಳಿ ಚಪ್ಪಾಳೆ ಕೇಳಿರಲಾರದು.

"ನಾನು ಹುಟ್ಟಿದ ಮನೆ ಹೆಸರು ಡುಡೆಕ್," ಎಂದಳು ಆರ್ಲೀನ್. "ಅವನ ತಂಗಿ."

ಜೆರ್ರಿಯ ಬಾಯಿ ಅಗಿಯುವುದನ್ನು ನಿಲ್ಲಿಸಿತು.

"ಅಯ್ಯೋ... ನೋಡಿ, ನಾನು ಹೇಳಬೇಕು ಅಂತಲೇ ಇದ್ದೆ. ಹೇಳಿದ್ರೆ ಎರಡನೇ ಸ್ಥಾನಾನೂ ಕಿತ್ಕೊಂಡಿರೋರು. ಸ್ವಲ್ಪ ತಣ್ಣಗಾಗ್ಲಿ ಅಂತ..."

"ತಣ್ಣಗಾಗ್ಲಿ ಅಂತ? ಐವತ್ತು ವರ್ಷ! ಹೆಣಾನೂ ಅಷ್ಟು ತಣ್ಣಗಾಗಲ್ಲ ಕಣಯ್ಯ! ನಿನ್ನ ಮಾನ ಉಳಿಸಿದವನ ಹೆಸರನ್ನೇ ಬೈಗುಳ ಮಾಡಿ ಊರಿಗೆಲ್ಲ ಹಂಚಿದ್ಯಲ್ಲ, ನಾಚಿಕೆ ಆಗಲ್ವಾ ನಿನಗೆ?"

ಬ್ರಾಟ್ ಸುಡುತ್ತಿದ್ದವರು ಇಕ್ಕಳ ಹಿಡಿದು ಹಾಗೇ ನಿಂತರು. ಆರ್ಲೀನಳಿಗೆ ಲೆಕ್ಕವಿಲ್ಲ. "ನಾಳೆ ಹಾಲಿನಲ್ಲಿ, ಎಲ್ಲರ ಮುಂದೆ, ಈಗ ಹೇಳಿದ್ದನ್ನ ಇದ್ದ ಹಾಗೆ ಹೇಳ್ತೀಯ. ನೋರ್ಬ್ ಬರ್ತಾನೆ. ಅವನ ಕಿವಿ ಮೇಲೆ ಬೀಳಬೇಕು. ಅವನು ಬದುಕಿರುವಾಗ ಬೀಳಬೇಕು. ತಿಳೀತಾ?"

"ಹೇಳ್ತೀನಿ. ಆಣೆಗೂ ಹೇಳ್ತೀನಿ," ಎಂದ ಜೆರ್ರಿ.

ಆರ್ಲೀನ್ ಮೊಳೆಯಿಲ್ಲದೆ ಮನೆಗೆ ಬಂದಳು. ನೋರ್ಬ್ ಶೆಡ್ಡಿನಲ್ಲಿ ಬ್ಲೇಡಿಗೆ ಸಾಣೆ ಹಿಡಿಯುತ್ತಿದ್ದ. ಅವಳು ಸಾಣೆಯ ಸ್ವಿಚ್ಚು ಆರಿಸಿದಳು.

"ಟಾಮಿ ಲೆನ್ಜ್ ಸಿಕ್ಕಿದ್ದ. ಎಲ್ಲಾ ಹೇಳಿದ. ಯಾಕೋ ನೀನು ಬಾಯಿ ಬಿಡಲಿಲ್ಲ? ಮೂಕನಾ ನೀನು? ಊರೆಲ್ಲ ನಿನ್ನ ಆಡಿಕೊಳ್ಳೋದು ನೋಡಿ ನಮ್ಮಪ್ಪ ಅಷ್ಟು ನೊಂದ್ಕೊಂಡು ಸತ್ರು, ಅವರಿಗಾದ್ರೂ ಹೇಳಬಾರದಿತ್ತಾ?"

ನೋರ್ಬ್ ಬ್ಲೇಡಿನ ಅಂಚನ್ನು ಹೆಬ್ಬೆರಳಲ್ಲಿ ಸವರಿ ನೋಡಿದ. "ಹೇಳಿದ್ರೆ ಪತಾಕೆ ಹೋಗ್ತಿತ್ತು. ಎಲ್ಲ ಹುಡುಗರೂ ಒದ್ದಾಡಿ ತಗೊಂಡಿದ್ದು."

"ಆಮೇಲೆ? ಆಮೇಲೆ ಹೇಳೋಕೇನಾಗಿತ್ತು ರೋಗ?"

"ಆಮೇಲೆ ಯಾರೂ ಕೇಳಲಿಲ್ಲ." ಬ್ಲೇಡನ್ನು ತಿರುಗಿಸಿ ಹಿಡಿದು ಅಂದ, "ನೀನೂ ಕೇಳಲಿಲ್ಲ."

ಆರ್ಲೀನ್ ತಾನು ಆರಿಸಿದ್ದ ಸ್ವಿಚ್ಚನ್ನು ತಾನೇ ಮತ್ತೆ ಹಾಕಿದಳು. ಸಾಣೆಯ ಸದ್ದಿನ ಮೇಲೆ, "ನಾಳೆ ಒಳ್ಳೆ ಅಂಗಿ ಹಾಕ್ಕೋ. ಬರದೆ ಇದ್ರೆ ನಿನ್ನ ಊಟ ಬಂದ್," ಎಂದು ಮೇಲೆ ಹೋದಳು.

ಅವನು ಬಂದ. ಇಸ್ತ್ರಿ ಮಾಡಿದ ನೀಲಿ ಅಂಗಿ, ಉಗುರಿನಲ್ಲಿ ಉಜ್ಜಿದರೂ ಹೋಗದ ಗ್ರೀಸು. ಭಾನುವಾರದ ಪೂಜೆ ಮುಗಿದು ಹಾಲು ಗಿಜಿಗುಟ್ಟುತ್ತಿತ್ತು. ಬಾಗಿಲ ಪಕ್ಕದ ಕಾಫಿ ಪಾತ್ರೆಯ ಹತ್ತಿರ ಅವನು ಗೋಡೆಗೊರಗಿ ನಿಂತ. ಒಂದಿಬ್ಬರು ಗುರುತು ಹಿಡಿದು ತಲೆಯಾಡಿಸಿದರು, ಹತ್ತಿರ ಬರಲಿಲ್ಲ. ಬರುವ ಮುಖವಾದರೂ ಹೇಗೆ ಇದ್ದೀತು?

ಹಳೆಯ ಪೈಲಟ್ಸ್ ಸಂಘದ ಅಧ್ಯಕ್ಷ ಡಿಕ್ ಪ್ರೊಹಾಸ್ಕ ಮೈಕು ಹಿಡಿದು ಜೆರ್ರಿಯನ್ನು ಕರೆದ, ಟಾಮಿ ಎಂದೇ ಕರೆದ. ಜೆರ್ರಿ ಕೋಲೂರಿ ವೇದಿಕೆ ಹತ್ತಿದ. ಆರ್ಲೀನ್ ಎರಡು ಕೈಯನ್ನೂ ಮಡಿಲಲ್ಲಿ ಬಿಗಿದು ಕೂತಳು. ಅವನು ಆ ಬೇಸಿಗೆಯನ್ನು ಚೆನ್ನಾಗಿಯೇ ಹೇಳಿದ. ಕೆಟ್ಟು ನಿಂತ ಬಸ್ಸು, ಮೇಷ್ಟ್ರ ಬೈಗುಳ, ಕಡಲೇಕಾಯಿ ಬೆಣ್ಣೆಯ ರೊಟ್ಟಿ. ಜನ ಬಿದ್ದು ಬಿದ್ದು ನಕ್ಕರು. ನಗು ಸಿಕ್ಕಷ್ಟೂ ಅವನ ಬೆನ್ನು ನೆಟ್ಟಗಾಯಿತು. ಫೈನಲ್ಲಿಗೆ ಬಂದ. ಬಿಸಿಲಿಗೆ ಬಂದ. ತಿರುವಿಗೆ ಬಂದ. ಅಲ್ಲಿ ಒಂದು ಗಳಿಗೆ ನಿಂತ, ತುಂಬಿದ ಹಾಲನ್ನು, ನಗಲು ತಯಾರಾಗಿ ಕೂತ ಮುಖಗಳನ್ನು ನೋಡಿದ.

"ಅಷ್ಟರಲ್ಲಿ ನಮ್ಮ ಡುಡೆಕ್ ಏನು ಹೊಡೆದ?"

"ಡುಡೆಕ್!" ಎಂದು ಇಡೀ ಹಾಲು ಕೂಗಿತು. ನಗುವಿಗೆ ಬಟ್ಟಲುಗಳು ನಡುಗಿದವು. ಜೆರ್ರಿ ಆರ್ಲೀನಳ ಕಡೆ ನೋಡದೆ ಇಳಿಯತೊಡಗಿದ.

ಅವಳು ಎದ್ದು ಅವನ ಕೈಯಿಂದ ಮೈಕು ಕಸಿದುಕೊಂಡಳು. ಶಾಲಾ ಬಸ್ಸಿನಲ್ಲಿ ತಯಾರಾದ ಗಂಟಲು, ಮೈಕು ಬೇಕೂ ಇರಲಿಲ್ಲ. ಎಲ್ಲ ಹೇಳಿದಳು. ತಮ್ಮನ ಚೀಟಿ, ಕುಸಿದ ಮಂಡಿ, ಬೆಲ್ಟು, ಹಿಂದಿನ ಸೀಟಿನ ಕೂಗು. "ಕೇಳಿ ಅವನನ್ನ! ಸುಳ್ಳು ಅಂತ ಹೇಳಲಿ ನೋಡೋಣ!" ಎಂದಳು. ಜೆರ್ರಿ ಕುರ್ಚಿಯಲ್ಲಿ ಕುಸಿದು ಕೂತು ಕೋಲಿನ ತುದಿ ನೋಡುತ್ತಿದ್ದ. ಸುಳ್ಳು ಅನ್ನಲಿಲ್ಲ. ಅಷ್ಟು ಸಾಕಾಗಿತ್ತು, ಎಲ್ಲರಿಗೂ ಗೊತ್ತಾಯಿತು.

ಈಗ ಯಾರಾದರೂ ಎದ್ದು ಕಾಫಿ ಪಾತ್ರೆಯ ಕಡೆ ನಡೆಯುತ್ತಾರೆ ಎಂದು ಆರ್ಲೀನ್ ಕಾದಳು. ಒಬ್ಬರು ಸಾಕಿತ್ತು.

ಡಿಕ್ ಪ್ರೊಹಾಸ್ಕ ಗಂಟಲು ಸರಿಪಡಿಸಿಕೊಂಡ. "ಅಂದ್ರೆ... ನಮ್ಮಲ್ಲಿ ವಯಸ್ಸು ಮೀರಿದವನಿದ್ದ ಅಂತಾಯ್ತು. ಹಾಗಾದ್ರೆ ಈ ಪತಾಕೆ?"

"ಪತಾಕೆ ಮಾತು ಯಾಕೆ ಈಗ? ಹೊರಗೆ ಗೊತ್ತಾಗದಿದ್ರೆ ಆಯ್ತು," ಎಂದ ಡ್ರಮ್ಮಿನ ಸಾಲಿನ ಒಬ್ಬ.

"ಗೊತ್ತಾಗದೆ ಇರುತ್ತಾ? ಮೂರನೇ ಬಂದವರು ಸುಮ್ನೆ ಬಿಡ್ತಾರಾ?"

"ಐವತ್ತು ವರ್ಷ ಆದಮೇಲೆ ಯಾವ ನಿಯಮ ರೀ?"

"ಇದನ್ನೆಲ್ಲ ಈಗ ಕೆದಕಬೇಕಿತ್ತಾ ಆರ್ಲೀನ್? ಒಳ್ಳೇ ದಿನ ಹಾಳಾಯ್ತು."

ಒಬ್ಬನ ಮೇಲೊಬ್ಬ ಕೂಗಾಡತೊಡಗಿದರು. ಬೆರಳುಗಳೆಲ್ಲ ಗೋಡೆಯ ಕಡೆ. ಕಣ್ಣುಗಳೆಲ್ಲ ಪತಾಕೆಯ ಮೇಲೆ. ಅಂದು ಮೈದಾನದಲ್ಲಿ ಕತ್ತು ತಿರುಗಿಸಬಾರದು ಎಂಬ ನಿಯಮವಾದರೂ ಇತ್ತು. ಇಂದು ಯಾರು ಹಿಡಿದಿದ್ದರು ಇವರ ಕತ್ತನ್ನು? ಹತ್ತು ಹೆಜ್ಜೆ ಆಚೆ ಮನುಷ್ಯ ನಿಂತಿದ್ದ.

"ಆ ಪತಾಕೆನ ನೀವೇ ಇಟ್ಕೊಳ್ಳಿ!" ಆರ್ಲೀನ್ ಕಿರುಚಿದಳು. "ಹೊದ್ಕೊಂಡು ಮಲಗಿ! ಸತ್ತಾಗ ಸುತ್ತಿಸ್ಕೊಳ್ಳಿ! ಅದನ್ನ ಉಳಿಸಿದವನು ಅಲ್ಲಿ ನಿಂತಿದ್ದಾನೆ, ಒಂದು ಕಪ್ ಕಾಫಿ ಬೇಕಾ ಅಂತ ಕೇಳೋ ಯೋಗ್ಯತೆ ಇಲ್ಲ ನಿಮಗೆ!"

ಮೈಕನ್ನು ಮೇಜಿನ ಮೇಲೆ ಕುಕ್ಕಿ, ಕೋಟು ಎತ್ತಿಕೊಂಡು, ಅಣ್ಣನ ತೋಳು ಹಿಡಿದು ಹೊರಗೆ ನಡೆದಳು. ಹಿಂದಿನಿಂದ ಯಾರೋ "ನೋರ್ಬ್, ಸ್ವಲ್ಪ ನಿಲ್ಲಪ್ಪಾ" ಎಂದದ್ದು ಕೇಳಿಸಿತು. ಅವನೇ ನಿಲ್ಲಲಿಲ್ಲ.

ಕಾರಿನ ಬಾಗಿಲನ್ನು ದಢಾರನೆ ಎಳೆದು ಅವಳು ಕೀಲಿ ತಿರುಗಿಸಿದಳು. ಕೋಪಕ್ಕೆ ಕಣ್ಣೀರು ಬಂದಿತ್ತು, ಕಣ್ಣೀರು ಬಂದದ್ದಕ್ಕೆ ಇನ್ನೂ ಕೋಪ. "ಕ್ಷಮಿಸೋ," ಎಂದಳು. "ನಿನ್ನನ್ನ ಎಳ್ಕೊಂಡು ಬಂದು ಮತ್ತೆ ಅದನ್ನೇ ಕೇಳಿಸಿದೆ. ದರಿದ್ರದವರು. ಕೃತಘ್ನರು."

ಚರ್ಚು ದಾಟಿತು, ಸರೋವರದ ಬಂದರಿನ ರಸ್ತೆ ಬಂತು. ನೋರ್ಬ್ ಕಿಟಕಿಯ ಹೊರಗೆ ನೀರನ್ನು ನೋಡುತ್ತಿದ್ದ. ಆಮೇಲೆ, ಯಾರೋ ಈಗಷ್ಟೇ ಕೇಳಿದರೇನೋ ಎಂಬಂತೆ, ಬಾಯಿ ತೆರೆದ.

"ತುಂಬ ಭಾರ ಇದ್ದ ಕಣೆ, ನನ್ಮಗ."

ಆರ್ಲೀನ್ ತಿರುಗಿ ನೋಡಿದಳು.

"ಕಾಂಟ್ರಾ ಬೇರೆ. ನನ್ನ ಬ್ಯಾರಿಟೋನ್ ಒಂದು ಕೈಲಿ. ಬೆಲ್ಟಿನ ಬಕಲು ಅಂಗೈ ಸೀಳ್ತು, ನೋಡು, ಈ ಗೆರೆ. ಬೆಲ್ಟು ಎಲ್ಲಿ ಕಿತ್ತು ಹೋಗುತ್ತೋ ಅಂತ ಒಂದೇ ಹೆದರಿಕೆ."

ಮನೆಯ ತಿರುವು ಎದುರಿಗೇ ಬಂತು. ಆರ್ಲೀನ್ ತಿರುಗಿಸಲಿಲ್ಲ. ಕಾರನ್ನು ನೇರ ಸರೋವರದ ದಂಡೆಯ ಉದ್ದಕ್ಕೆ ಬಿಟ್ಟು ವೇಗ ತಗ್ಗಿಸಿದಳು.

"ಆಮೇಲೆ?" ಎಂದು ಕೇಳಿದಳು.